ಎಳೆಯರ ಕೈಗೆ ರಸೀತಿ ಪುಸ್ತಕ

ಎರಡನೆಯ ತರಗತಿಯಲ್ಲಿ ಓದುವ ನಮ್ಮ ಮೊಮ್ಮಗನು ಮೊನ್ನೆ ಶಾಲೆಯಿಂದ ಬಂದವನೇ ರಸೀತಿ ಪುಸ್ತಕವೊಂದನ್ನು ನಮ್ಮ ಮುಂದಿಟ್ಟನು. ಮೇಲೆ 'ಗುರುದಕ್ಷಿಣೆ ನಿಧಿ' ಎಂದು ಅಚ್ಚಾಗಿತ್ತು. ಮಕ್ಕಳು ಮನೆಮನೆಗೆ ಹೋಗಿ ಹಣ ಕೂಡಿಸಬೇಕಂತೆ. ಹೆಚ್ಚು ತಂದವರಿಗೆ ಪದಕವಂತೆ. "ತಾತ, ಕಡಿಮೆ ತಂದವರ ಹೆಸರನ್ನು ಎಲ್ಲರೆದುರು ಓದುತ್ತಾರೆ" ಎನ್ನುವಾಗ ಮಗುವಿನ ಕಣ್ಣು ತುಂಬಿತ್ತು. "ಕಟ್ಟಿದ ಶುಲ್ಕ ಸಾಲದೇ?" ಎಂದು ಅವನ ತಂದೆಯು ಕೆರಳಿದನು.

ಗುರುದಕ್ಷಿಣೆಯೆಂದರೇನು? ರಘುವಂಶದ ಐದನೆಯ ಸರ್ಗದಲ್ಲಿ ವರತಂತುವು ಹದಿನಾಲ್ಕು ಕೋಟಿ ಕೇಳಿದನೆಂಬುದನ್ನು ಎಲ್ಲರೂ ಬಲ್ಲರು. ಆದರೆ ಶಿಷ್ಯನ ಸೇವೆಯೇ ಸಾಕೆಂದು ಅವನು ಮೊದಲು ನುಡಿದುದನ್ನೂ, ಕೌತ್ಸನು ಬಿಡದೆ ಪೀಡಿಸಿದ ಮೇಲೆಯೇ ಕೋಪದಿಂದ ಕೇಳಿದುದನ್ನೂ ಮರೆಯುತ್ತೇವೆ. ಕೌತ್ಸನಾದರೋ ವಿದ್ಯೆ ಮುಗಿಸಿದ ಪ್ರಬುದ್ಧನು. ಏಳು ವರ್ಷದ ಶಿಶುವಲ್ಲ.

ಶಾಲೆಗೆ ಸೇರಿಸಿಕೊಳ್ಳುವಾಗ ವಂತಿಗೆ ಪಡೆಯಕೂಡದೆಂದು ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯು ವಿಧಿಸಿದೆ. ಮುಂಬಾಗಿಲಿನಲ್ಲಿ ತಡೆದುದು ಹಿತ್ತಿಲಿನಿಂದ ಒಳಹೊಕ್ಕರೆ ಫಲವೇನು?

ಈ ದೋಷದಿಂದ ನಾವೂ ಹೊರತಲ್ಲ. ಅಧ್ಯಾಪಕರಾಗಿದ್ದಾಗ ಒಂದು ಡಿಸೆಂಬರ್ ೭ರಂದು, ಧ್ವಜ ದಿನದ ಕಾಸು ತಾರದ ಬಾಲಕನೊಬ್ಬನನ್ನು ತರಗತಿಯಲ್ಲಿ ನಿಲ್ಲಿಸಿದೆವು. ದಿನವು ಪವಿತ್ರವೇ, ನಮ್ಮ ನಡತೆಯು ಹಾಗಿರಲಿಲ್ಲ. ಅಂದು ಆ ಹುಡುಗನು ತಗ್ಗಿಸಿದ ಮುಖವೇ ಮೊನ್ನೆ ನಮ್ಮ ಮನೆಯ ಜಗಲಿಯಲ್ಲಿ ಕಂಡಿತು.

ಮರುದಿನ ನಾವೇ ಹೋಗಿ ಪುಸ್ತಕವನ್ನು ಹಿಂದಿರುಗಿಸಿ, ಮುಖ್ಯೋಪಾಧ್ಯಾಯರಲ್ಲಿ ಇಷ್ಟನ್ನೇ ವಿಜ್ಞಾಪಿಸಿದೆವು: "ಶಾಲೆಗೆ ಕೊರತೆಯಿದ್ದರೆ ಹಿರಿಯರನ್ನು ಕರೆದು ಕೇಳಿರಿ, ಕೈಲಾದುದನ್ನು ಕೊಡುವೆವು. ತಂದೆಯ ಕೈಚೀಲವನ್ನು ಮಗುವಿನ ಮುಖದ ಮೇಲೆ ಅಳೆಯಬೇಡಿರಿ."