ಕಡಲಪಾಚಿಯೂ ಒಂದು ಚಿಟಿಕೆ ಉಪ್ಪೂ

ಕಡಲಪಾಚಿಯನ್ನು ತಿನ್ನುತ್ತಾರೆಂದರೆ ನಮ್ಮಲ್ಲಿ ಅನೇಕರು ಮೂಗು ಮುರಿಯುತ್ತಾರೆ. ಆದರೆ ಬೇಸಿಗೆಯಲ್ಲಿ ಹಾಲು, ಸಕ್ಕರೆ ಬೆರೆಸಿ ಮಾಡುವ ‘ಚೈನಾ ಗ್ರಾಸ್’ ಸಿಹಿಯನ್ನು ಚಪ್ಪರಿಸದವರು ಎಷ್ಟು ಮಂದಿ? ಆ ಬಿಳಿಯ ಎಳೆಗಳು ಹುಲ್ಲಲ್ಲ; ಕೆಂಪು ಕಡಲಪಾಚಿಯನ್ನು ಬೇಯಿಸಿ, ಸೋಸಿ ತೆಗೆದ ಅಗರ್. ತಮಿಳುನಾಡಿನ ರಾಮನಾಥಪುರದ ಕಡಲತೀರದಲ್ಲಿ ಹೆಂಗಸರು ಉಸಿರು ಬಿಗಿಹಿಡಿದು ನೀರಿನಲ್ಲಿ ಮುಳುಗಿ ಇಂಥ ಪಾಚಿಯನ್ನು ಕಿತ್ತು ತರುತ್ತಾರೆ.

ಈ ವಿಷಯವನ್ನು ನಾನು ಕೂಲಂಕಷವಾಗಿ ಓದಲು ಕಾರಣಳಾದವಳು ನನ್ನ ತಂಗಿ. ಆಕೆ ಹಲವು ವರ್ಷಗಳಿಂದ ಥೈರಾಯ್ಡ್ ಕೊರತೆಗೆ ಪ್ರತಿದಿನ ಮುಂಜಾನೆ ಮಾತ್ರೆ ನುಂಗುತ್ತಿದ್ದಾಳೆ. ಕಳೆದ ವರ್ಷ ವ್ಯಾಪಾರಿಯೊಬ್ಬರು ಕೆಲ್ಪ್ ಎಂಬ ಕಂದು ಪಾಚಿಯ ಪುಡಿಯ ಡಬ್ಬಿಯನ್ನು ಆಕೆಗೆ ಕೊಟ್ಟು, “ಇದು ಪ್ರಕೃತಿದತ್ತ, ಇನ್ನು ಮಾತ್ರೆಯ ಹಂಗೇಕೆ?” ಎಂದರಂತೆ. ಆಕೆ ಮಾತ್ರೆ ಬಿಡುವ ಸಿದ್ಧತೆಯಲ್ಲಿದ್ದಳು. ವೈದ್ಯರನ್ನು ಕೇಳದೆ ಬಿಡಕೂಡದೆಂದು ಹಟ ಹಿಡಿದು ಅವಳನ್ನು ಕರೆದೊಯ್ದೆ.

ವ್ಯಾಪಾರಿಯ ಮಾತಿನಲ್ಲಿ ಸತ್ಯದ ಒಂದು ಎಳೆ ಇತ್ತು. ಪ್ರಾಚೀನ ಚೀನಾದಲ್ಲಿ ಗಳಗಂಡ ರೋಗಕ್ಕೆ ಕಡಲಪಾಚಿಯನ್ನು ಕೊಡುತ್ತಿದ್ದರು. ಅದರಿಂದ ಗುಣವೇಕೆ ಕಾಣುತ್ತಿತ್ತೆಂಬುದು ತಿಳಿಯಲು ಶತಮಾನಗಳೇ ಬೇಕಾದವು. 1811ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಕೂರ್ತ್ವಾ ಎಂಬಾತ ಪಾಚಿಯ ಬೂದಿಯಿಂದ ತೆಗೆದ ದ್ರಾವಣಕ್ಕೆ ಗಂಧಕಾಮ್ಲ ಸೇರಿಸಿದಾಗ ನೇರಳೆ ಬಣ್ಣದ ಹೊಗೆ ಎದ್ದಿತು. ಅದೇ ಅಯೋಡಿನ್. 1820ರಲ್ಲಿ ಜಿನೀವಾದ ವೈದ್ಯ ಕ್ವಾಂಡೆ ಅದನ್ನು ಗಳಗಂಡಕ್ಕೆ ಔಷಧವಾಗಿ ಕೊಟ್ಟನು. ಕೆಲವರಿಗೆ ಗುಣವಾಯಿತು, ಇನ್ನು ಕೆಲವರಿಗೆ ತೊಂದರೆಯೇ ಆಯಿತು. ಅಂದರೆ, ಅಮೃತಕ್ಕೂ ಅಳತೆಯುಂಟೆಂಬ ಪಾಠ ಅಂದೇ ದೊರೆತಿತ್ತು.

ಆ ಅಳತೆ ಎಷ್ಟು? ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಗರ್ಭಿಣಿಯರಿಗೆ 250 ಮೈಕ್ರೋಗ್ರಾಂ ಅಯೋಡಿನ್ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜಪಾನೀಯರು ಸಾರಿಗೆ ಬಳಸುವ ಕೊಂಬು ಎಂಬ ಕೆಲ್ಪ್‌ನ ಒಂದೇ ಗ್ರಾಂನಲ್ಲಿ ಅದು ಸಾವಿರ ಮೈಕ್ರೋಗ್ರಾಂ ಮೀರಬಹುದು. ಅನ್ನದುಂಡೆಗೆ ಸುತ್ತುವ ನೋರಿಯಲ್ಲಾದರೋ ಅದರ ಸಣ್ಣದೊಂದು ಅಂಶ ಮಾತ್ರ. ಎಲ್ಲವೂ ಪಾಚಿಯೇ ಆದರೂ ಎಲ್ಲವೂ ಒಂದೇ ಅಲ್ಲ.

ನಮ್ಮ ದೇಶದಲ್ಲಿ ಈ ಅಯೋಡಿನ್ ಬೇರೆ ದಾರಿಯಲ್ಲಿ ಅಡಿಗೆಮನೆಗೆ ಬಂದಿತು. ಹಿಮಾಲಯದ ತಪ್ಪಲಿನ ಕಾಂಗ್ಡಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ 1956ರಿಂದ ನಡೆಸಿದ ಅಧ್ಯಯನ, ಅಯೋಡಿನ್ ಬೆರೆಸಿದ ಉಪ್ಪಿನಿಂದ ಗಳಗಂಡ ಇಳಿಯುವುದನ್ನು ತೋರಿಸಿಕೊಟ್ಟಿತು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಮಲೆನಾಡಿನಲ್ಲಿ ನಮ್ಮ ಬಾಲ್ಯದಲ್ಲಿ ಊದಿದ ಕತ್ತಿಗೆ ಸೆರಗು ಹೊದ್ದು ನಡೆಯುತ್ತಿದ್ದ ಹೆಂಗಸರ ನೆನಪು ನನ್ನ ಓರಗೆಯವರಿಗೆ ಇದ್ದೀತು. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಅದನ್ನು ಕಾಣದೆ ಬೆಳೆದರೆಂಬುದೇ ಆ ಒಂದು ಚಿಟಿಕೆ ಉಪ್ಪಿನ ಮಹಿಮೆ.

ತಂಗಿಯ ವಿಷಯಕ್ಕೆ ಬರೋಣ. ವೈದ್ಯರು ಸಮಾಧಾನದಿಂದ ವಿವರಿಸಿದರು: ಅವಳ ಗ್ರಂಥಿಗೆ ಅಯೋಡಿನ್ ಸಾಲದೆಂಬುದಲ್ಲ; ದೇಹದ ರಕ್ಷಣಾ ವ್ಯವಸ್ಥೆಯೇ ಆ ಗ್ರಂಥಿಯನ್ನು ಹಾಳುಗೆಡವಿದೆ. ಮಗ್ಗವೇ ಮುರಿದಿರುವಾಗ ನೂಲನ್ನು ರಾಶಿ ಹಾಕಿದರೆ ಬಟ್ಟೆ ಬರುವುದೆ? ಅತಿಯಾದ ಅಯೋಡಿನ್ ಅಂಥವರ ಕೊರತೆಯನ್ನು ಇನ್ನಷ್ಟು ಹೆಚ್ಚಿಸಲೂಬಹುದು. ಡಬ್ಬಿ ಹಾಗೆಯೇ ಉಳಿಯಿತು, ಮಾತ್ರೆ ಮುಂದುವರಿಯಿತು.

ಹಾಗೆಂದು ಕಡಲಪಾಚಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದರಲ್ಲಿ ನಾರಿನಂಶ ಹೇರಳ, ಖನಿಜಗಳುಂಟು, ಕೊಬ್ಬು ಅತ್ಯಲ್ಪ. ಹೊರದೇಶಗಳಲ್ಲಿ ನೆಲೆಸಿರುವ ನನ್ನ ಶಿಷ್ಯರು ನೋರಿಯನ್ನೋ ವಾಕಾಮೆಯನ್ನೋ ಊಟದ ಜೊತೆಗೆ ಹಿತಮಿತವಾಗಿ ಸವಿಯಲಿ. ಹಿಜಿಕಿ ಎಂಬ ಕಪ್ಪು ಪಾಚಿಯನ್ನು ಮಾತ್ರ ದೂರವಿಡಿ; ಅದರಲ್ಲಿ ಹಾನಿಕರ ರೂಪದ ಆರ್ಸೆನಿಕ್ ಹೆಚ್ಚಿರುವುದರಿಂದ ಬ್ರಿಟನ್ನಿನ ಆಹಾರ ಇಲಾಖೆಯೇ ತಿನ್ನಬೇಡಿರೆಂದು ಎಚ್ಚರಿಸಿದೆ. ಥೈರಾಯ್ಡ್ ತೊಂದರೆಯುಳ್ಳವರೂ ಗರ್ಭಿಣಿಯರೂ ಕೆಲ್ಪ್ ಪುಡಿ, ಮಾತ್ರೆಗಳ ಗೋಜಿಗೆ ಹೋಗುವ ಮುನ್ನ ತಮ್ಮ ವೈದ್ಯರನ್ನು ಕೇಳಲಿ.

ಊರಿನಲ್ಲಿರುವವರಿಗೆ ಇಷ್ಟೇ ಹೇಳುವೆ: ಅಯೋಡಿನ್‌ಯುಕ್ತ ಉಪ್ಪನ್ನೇ ಕೊಳ್ಳಿ, ಮಿತವಾಗಿ ಬಳಸಿ, ತೇವ ತಗಲದಂತೆ ಮುಚ್ಚಿಡಿ. ಆಹಾರವು ಆಹಾರವಾಗಿರಲಿ, ಔಷಧವು ಔಷಧವಾಗಿರಲಿ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಕೈಬಿಡಬೇಡಿ.