ಪರದೇಶಿಯ ಹೊಸ ವರ್ಷ

ಜಪಾನಿನಲ್ಲಿ ನೆಲೆಸಿದ ಪರದೇಶಿಗೆ ಕ್ರಿಸ್‌ಮಸ್ ಸಲೀಸು: ಕರಿದ ಕೋಳಿಯೂ ಸ್ಟ್ರಾಬೆರಿ ಕೇಕೂ ಅಂಗಡಿಯಲ್ಲೇ ದೊರೆಯುತ್ತವೆ. ಮನೆಮನೆಯ ಹಬ್ಬವೆಂದರೆ ಹೊಸ ವರ್ಷ. 1873ರಲ್ಲಿ ಪಾಶ್ಚಾತ್ಯ ಪಂಚಾಂಗ ಜಾರಿಗೆ ಬಂದಂದಿನಿಂದ ಅದು ಜನವರಿ 1ರ ಹಬ್ಬ. ಹಿಂದಿನ ರಾತ್ರಿ ದೀರ್ಘಾಯುಷ್ಯವನ್ನು ಕೋರಿ ನೀಳವಾದ ಸೋಬಾ ಶಾವಿಗೆಯನ್ನು ಉಣ್ಣುತ್ತಾರೆ. ನಡುರಾತ್ರಿಯಲ್ಲಿ ಬೌದ್ಧ ದೇಗುಲಗಳ ಘಂಟೆ ಮನುಷ್ಯನ ಕ್ಲೇಶಗಳಿಗೆ ಒಂದೊಂದರಂತೆ 108 ಬಾರಿ ಮೊಳಗುತ್ತದೆ.

ಮರುದಿನ ಒಲೆಗೆ ಬಹುಮಟ್ಟಿಗೆ ಬಿಡುವು. ಮುಂಚೆಯೇ ಬೇಯಿಸಿ ಅಂತಸ್ತಿನ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟ ‘ಒಸೆಚಿ’ಯೇ ಊಟ. ಅದರ ಒಂದೊಂದು ತಿನಿಸೂ ಒಂದು ಹಾರೈಕೆ: ಕರಿ ಸೋಯಾ ಕಾಳು ಆರೋಗ್ಯಕ್ಕೆ, ಬೆನ್ನು ಬಾಗಿದ ಸೀಗಡಿ ಮುಪ್ಪಿನವರೆಗಿನ ಬಾಳಿಗೆ. ಜೊತೆಗೆ, ಅಂಟಕ್ಕಿಯ ‘ಮೋಚಿ’ ಹಾಕಿದ ಬಿಸಿ ಸಾರು.

ಶಾಕಾಹಾರಿಯ ಸಂಕಟ ಮೊದಲಾಗುವುದು ಈ ಸಾರಿನಲ್ಲೇ. ಮೇಲೆ ತೇಲುವುದು ತರಕಾರಿಯಾದರೂ ಅದರ ತಿಳಿ ಸಾಮಾನ್ಯವಾಗಿ ಒಣಮೀನಿನದು. ಉಂಡರೆ ನೇಮ ಕೆಡುತ್ತದೆ. ಒಲ್ಲೆನೆಂದರೆ ಮನೆಯವರ ಹಾರೈಕೆಯನ್ನೇ ಒಲ್ಲೆನೆಂದಂತಾಗುತ್ತದೆ. ಪರದೇಶಿ ಎಂಬ ಮಾತಿಗೆ ದಿಕ್ಕಿಲ್ಲದವನೆಂಬ ಅರ್ಥವೂ ಏಕೆ ಬಂದಿತೆಂಬುದು ಆಗ ತಿಳಿಯುತ್ತದೆ.

ಆದರೆ ದಾರಿಯನ್ನೂ ಜಪಾನೇ ತೋರಿದೆ. ಝೆನ್ ಮಠಗಳ ಅಡಿಗೆಯಲ್ಲಿ ಸಾರಿಗೆ ರುಚಿ ಕೊಡುವುವು ಕಡಲಪಾಚಿಯೂ ಒಣಗಿದ ಅಣಬೆಯೂ. ಜನವರಿ 7ರಂದಂತೂ, ಹಬ್ಬದೂಟದಿಂದ ದಣಿದ ಹೊಟ್ಟೆಗೆ ಏಳು ಬಗೆಯ ಸೊಪ್ಪಿನ ಅಕ್ಕಿ ಗಂಜಿ. ಉಪ್ಪನ್ನಷ್ಟೇ ಹಾಕಿ ಕಾಯಿಸಿದ ಆ ಗಂಜಿಯ ಮುಂದೆ ಮನೆಯವರೂ ಪರದೇಶಿಯೂ ಒಂದೇ ಪಂಕ್ತಿಯವರು.