ಹನ್ನೆರಡು ಪದಗಳ ಕೀಲಿಕೈ

ದಸರಾ ರಜೆಯಲ್ಲಿ ಕೆಳದಿಗೆ ಹೊರಟಿದ್ದೆ. ಸಾಗರದ ಬಸ್ ನಿಲ್ದಾಣದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಮುಖ ಬಾಡಿತ್ತು.

"ಮಳೆಗಾಲದಲ್ಲಿ ಮೊಬೈಲು ಹೊಳೆಗೆ ಬಿತ್ತು ಸಾರ್. ಎರಡು ವರ್ಷದ ಉಳಿತಾಯವೆಲ್ಲ ಬಿಟ್‌ಕಾಯಿನ್ ಆಗಿ ಅದರಲ್ಲಿತ್ತು."

"ಹನ್ನೆರಡು ಪದ ಬರೆದಿಟ್ಟಿರಲಿಲ್ಲವೇನೋ?"

"ಅದೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟಿದ್ದೆ."

ಪೆಟ್ಟಿಗೆಯೊಳಗೇ ಕೀಲಿಕೈ ಇಟ್ಟು ಬೀಗ ಹಾಕಿದಂತಾಗಿತ್ತು! ನನ್ನ ಜತೆ ಬಾ ಎಂದೆ.

ಕ್ರಿಪ್ಟೋ ಹಣ ಮೊಬೈಲಿನೊಳಗೆ ಇರುವುದಿಲ್ಲ. ಅದರ ಲೆಕ್ಕ ಜಗತ್ತಿನ ಸಾವಿರಾರು ಕಂಪ್ಯೂಟರ್‌ಗಳಲ್ಲಿರುತ್ತದೆ. ವ್ಯಾಲೆಟ್‌ನಲ್ಲಿರುವುದು ಕೀಲಿಕೈ ಮಾತ್ರ. ಬಹುಪಾಲು ವ್ಯಾಲೆಟ್‌ಗಳು 2,048 ಪದಗಳ ಪಟ್ಟಿಯಿಂದ 12 ಅಥವಾ 24 ಪದಗಳನ್ನು ಆರಿಸಿಕೊಡುತ್ತವೆ. ಅವುಗಳನ್ನು ಅದೇ ಕ್ರಮದಲ್ಲಿ ಹೊಸ ಮೊಬೈಲಿಗೆ ಕೊಟ್ಟರೆ ಕೀಲಿಕೈ ಮರಳಿ ಸಿಗುತ್ತದೆ. ಪದಗಳು ಕಳೆದರೆ ಅರ್ಜಿ ಕೊಡಲು ಬ್ಯಾಂಕ್ ಮ್ಯಾನೇಜರ್ ಇಲ್ಲ.

ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಗಳ ಮುಂದೆ ನಿಂತೆವು. ಕಂಟದಿಂದ ಗೀರಿ, ಮೇಲೆ ಮಸಿ ತೀಡಿದ ಅಕ್ಷರಗಳು. ಮಸಿ ಮಾಸಿದರೂ ಗೀರು ಉಳಿಯುತ್ತದೆ. ಗರಿ ಜೀರ್ಣವಾಗುವ ಮೊದಲೇ ಹಿಂದಿನವರು ಹೊಸ ಗರಿಗೆ ಪ್ರತಿ ಮಾಡುತ್ತಿದ್ದರು. ನಮ್ಮ ಮಲೆನಾಡಿನ ತೇವಕ್ಕೆ ಶಾಯಿ ಹರಡುತ್ತದೆ. ಪೆನ್ಸಿಲಿನ ಗ್ರಾಫೈಟ್ ನೀರಿನಲ್ಲಿ ಕರಗುವುದಿಲ್ಲ. ಸ್ಟೀಲ್ ತಗಡಿನ ಮೇಲೆ ಕೊರೆದರಂತೂ ಗೆದ್ದಲಿನ ಭಯವೂ ಇಲ್ಲ.

ಅಲ್ಲಿಂದ ಹೊಸನಗರ ತಾಲ್ಲೂಕಿನ ನಗರ ಕೋಟೆಗೆ ಬಂದೆವು. ಇದು ಕೆಳದಿ ಅರಸರ ಕೊನೆಯ ರಾಜಧಾನಿ, ಅಂದಿನ ಬಿದನೂರು. ಸುತ್ತ ಕಾಡು, ಬೆಟ್ಟ, ಕಾವಲು. ಆದರೂ 1763ರಲ್ಲಿ ಹೈದರಾಲಿ, ಹಿಂದಿನ ಮಂತ್ರಿಯೊಬ್ಬನಿಂದ ಗುಟ್ಟಿನ ದಾರಿ ತಿಳಿದು ಒಳನುಗ್ಗಿದ. ಹನ್ನೆರಡು ಪದಗಳೂ ಅಂಥದೇ ದಾರಿ. "ಕಂಪನಿಯಿಂದ ಮಾತಾಡುತ್ತಿದ್ದೇವೆ, ಪದ ಹೇಳಿ" ಎಂದವನು ಕಳ್ಳನೇ. ಫೋಟೋ, ಇ-ಮೇಲ್, ವಾಟ್ಸ್‌ಆ್ಯಪ್ ಯಾವುದರಲ್ಲೂ ಅವು ಇರಬಾರದು.

ಕೊನೆಗೆ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ. ಇಲ್ಲಿನ ಕವಿಮನೆಯಿಂದ 2015ರ ನವೆಂಬರ್‌ನಲ್ಲಿ ಕುವೆಂಪು ಅವರ ಪದ್ಮ ಪ್ರಶಸ್ತಿಯ ಪದಕಗಳು ಕಳುವಾದವು. ಪದಕಗಳು ಇದ್ದದ್ದು ಒಂದೇ ಕಡೆ. 'ಮಲೆಗಳಲ್ಲಿ ಮದುಮಗಳು' ಎಷ್ಟೋ ಮನೆಗಳ ಕಪಾಟಿನಲ್ಲಿದೆ. ಅದನ್ನು ಯಾವ ಕಳ್ಳ ಕದ್ದಾನು? ಗುಟ್ಟಿನ ಪದಗಳನ್ನು ಹಾಗೆ ಹಂಚಲಾಗದು. ಆದರೆ ಎರಡು ಪ್ರತಿ ಮಾಡಿ, ಎರಡು ಬೇರೆ ಊರುಗಳ ಭದ್ರ ಜಾಗದಲ್ಲಿಡಬಹುದಲ್ಲ!

ಹಣ ಹಾಕುವ ಮೊದಲೇ ಆ ಪದಗಳಿಂದ ವ್ಯಾಲೆಟ್ ಮರಳಿ ತೆರೆಯುತ್ತದೆಯೇ ಎಂದು ಪರೀಕ್ಷಿಸಬೇಕು. ಪ್ರಯೋಗ ಮಾಡದ ಪಾಠ ಅರ್ಧ ಪಾಠ. ಇನ್ನು, ಕ್ರಿಪ್ಟೋ ಕೊಳ್ಳಿರೆಂದು ನಾನು ಹೇಳುತ್ತಿಲ್ಲ. ಬೆಲೆ ಏರಿದಷ್ಟೇ ಬೇಗ ಇಳಿಯುತ್ತದೆ. ಲಾಭದ ಮೇಲೆ 2022ರಿಂದ ಶೇ. 30 ತೆರಿಗೆಯೂ ಇದೆ.

ಮರಳುವ ಬಸ್ಸಿನಲ್ಲಿ ಹುಡುಗ ಕೇಳಿದ: "ಅಪ್ಪನಿಗೂ ಹೇಳಬಾರದಾ ಸಾರ್?"

ಪದ ಹೇಳಬೇಡ, ಲಕೋಟೆಗೆ ಅಂಟು ಹಾಕಿ ಎಲ್ಲಿಟ್ಟಿದ್ದೀಯೆಂದು ಹೇಳು ಎಂದೆ. ನಾಳೆ ನಿನಗೇನಾದರೂ ಆದರೆ ಮನೆಯವರು ಹುಡುಕುವುದಾದರೂ ಎಲ್ಲಿ?

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಣ ಹೋದದ್ದನ್ನೇ ಇನ್ನೂ ಮನೆಯಲ್ಲಿ ಹೇಳಿಲ್ಲ ಸಾರ್" ಎಂದ.

ಮೊದಲು ಅದನ್ನು ಹೇಳಪ್ಪ ಎಂದೆ.